ಕೈಬದಲು ಕೊಟ್ಟ ಕಾರ್ಡು

ಮೊನ್ನೆ ಫೋನಿನಲ್ಲಿ ನಿಮ್ಮೆಲ್ಲರಲ್ಲಿ ದೊಡ್ಡವಳು ಆಸ್ಪತ್ರೆ ಆಡಳಿತದ ಕೋರ್ಸಿಗೆ ಸೇರುತ್ತಿದ್ದೇನೆ ಎಂದು ಹೇಳಿದಳು. ‘ನೀನ್ ಮಾಡ್ತಿದ್ದ ಕೆಲ್ಸಾನೇ ಅಜ್ಜಿ. ನಾನೂ ಡೈರೆಕ್ಟರ್ ಆಗ್ತೀನಿ ನೋಡ್ತಿರು’ ಅಂದಳು. ನಾನು ‘ಆಗು ಮಗ, ಊಟ ಆಯ್ತಾ’ ಅಂದೆ. ಫೋನಿನಲ್ಲಿ ನನಗೆ ಬರುವುದು ಅಷ್ಟೇ. ಎದುರಿಗೆ ಕೂತರೂ ಅಷ್ಟೇ ಎನ್ನುವುದು ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ.

ನಾನು ಮಾಡುತ್ತಿದ್ದ ಕೆಲಸ ಏನು ಎಂದು ನೀವು ಯಾರೂ ಸರಿಯಾಗಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆಯ ಹಾಲಿನ ಸಂಘಗಳು, ಸಹಕಾರ ಸಂಘಗಳು ಸೇರಿ ಒಂದು ಆರೋಗ್ಯ ಯೋಜನೆ ಮಾಡಿದ್ದವು. ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ವಂತಿಗೆ ಕಟ್ಟಬೇಕು, ಅವರಿಗೊಂದು ಕಾರ್ಡು. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕಾದರೆ ಖರ್ಚು ಆ ಒಟ್ಟು ಹಣದಿಂದ ಹೋಗುತ್ತದೆ. ಯಾರು ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಯಾವುದಕ್ಕೆ ಕೊಡಬಾರದು, ಆಸ್ಪತ್ರೆಯವರು ಬೇಡದ ಆಪರೇಷನ್ ಮಾಡುತ್ತಿದ್ದಾರೆಯೇ, ಇದನ್ನೆಲ್ಲ ನೋಡುವವಳು ನಾನು. ನಮ್ಮಪ್ಪ ಸಖರಾಯಪಟ್ಟಣದ ಕಡೆ ನೀರುಗಂಟಿಯಾಗಿದ್ದರು. ತೂಬು ಎತ್ತಿದರೆ ಮೇಲಿನ ಗದ್ದೆಯವರಿಗೆ ಸಿಟ್ಟು, ಇಳಿಸಿದರೆ ಕೆಳಗಿನವರಿಗೆ ಸಿಟ್ಟು. ನನ್ನದೂ ಅದೇ ಕೆಲಸ, ಕೂರಲು ಕುರ್ಚಿ ಇತ್ತು ಅಷ್ಟೇ.

ನಾನು ಊರಿನ ಶಾಲೆಯಲ್ಲಿ ಓದಿದವಳು. ನಿಮ್ಮ ತಾತ ಹಿರೇನಲ್ಲೂರಿನ ಕಡೆ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದರು. ಅವರು ಹೋದ ಮೇಲೆ ಸಂಘದ ಅಧ್ಯಕ್ಷರು ಮನೆಗೆ ಬಂದು, ಹೊಸ ಯೋಜನೆಗೆ ಮನೆಮನೆಗೂ ಹೋಗಿ ಹೆಸರು ಬರೆಸಿಕೊಂಡು ಬರಬೇಕಮ್ಮ, ಗಂಡಸರು ಹೋದರೆ ಜಗುಲಿಯಲ್ಲೇ ಕೂರಿಸಿ ಕಳಿಸುತ್ತಾರೆ, ಹೆಂಗಸರ ಕಾಯಿಲೆ ಒಂದೂ ಹೊರಗೆ ಬರುವುದಿಲ್ಲ ಅಂದರು. ನಿಮ್ಮಪ್ಪ ಆಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ಆಗುವುದಿಲ್ಲ ಎನ್ನಲೂ ನಾಚಿಕೆಯಾಗಿ ಒಪ್ಪಿಕೊಂಡೆ.

ಮನೆಗಳಿಗೆ ಹೋಗಿ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ಕೂರುತ್ತಿದ್ದೆ. ನಾನು ಮಾತಾಡದೆ ಇದ್ದದ್ದರಿಂದ ಅವರೇ ಮಾತಾಡುತ್ತಿದ್ದರು. ರೊಟ್ಟಿ ತಟ್ಟುತ್ತಾ, ಅಕ್ಕಿ ಆರಿಸುತ್ತಾ, ಗಂಡನಿಗೂ ಹೇಳದ ಕಾಯಿಲೆಗಳನ್ನು ಹೇಳುತ್ತಿದ್ದರು. ಆಮೇಲೆ ಆಫೀಸಿನವರು ಕಾಗದಪತ್ರ ನೋಡಲು ಕೂರಿಸಿದರು. ಅಂಚೆ ಮೂಲಕ ಡಿಗ್ರಿ ಕಟ್ಟಿಸಿದರು. ತರಬೇತಿಗೆ ಕಳಿಸಿದರು, ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ನಗುವಾಗ ನಾನೂ ಸ್ವಲ್ಪ ತಡವಾಗಿ ನಗುತ್ತಿದ್ದೆ. ಹೀಗೆ ವರ್ಷಗಳು ಹೋದವು. ಡೈರೆಕ್ಟರ್ ಆಗಿದ್ದ ವಯಸ್ಸಾದ ಡಾಕ್ಟರು ಬಿಟ್ಟು ಹೋದಾಗ ಆ ಜಾಗಕ್ಕೆ ಬರಲು ಯಾರಿಗೂ ಇಷ್ಟವಿರಲಿಲ್ಲ. ಬೈಗುಳ ಜಾಸ್ತಿ, ಬಸ್ಸಿನ ಓಡಾಟ ಜಾಸ್ತಿ. ನನ್ನನ್ನು ಕೂರಿಸಿದರು. ಅದನ್ನು ನೀವು ಬಡ್ತಿ ಅನ್ನುತ್ತೀರಿ. ನನಗೆ ಹಾಗೇನೂ ಅನಿಸಲಿಲ್ಲ. ಮೊದಲು ಜನರ ಕಾಯಿಲೆ ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ, ಈಗ ಕೇಳಿಸಿಕೊಂಡು ಹೂಂ ಅಥವಾ ಊಹೂಂ ಅನ್ನಬೇಕಾಯಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಕಾಲಿಗಿಂತ ದವಡೆ ನೋಯುತ್ತಿತ್ತು, ಇಡೀ ದಿನ ಹಲ್ಲು ಕಚ್ಚಿಕೊಂಡು ಕೂತದ್ದಕ್ಕೆ.

ಈಗ ಒಂದು ಅರ್ಜಿಯ ವಿಷಯ ಹೇಳುತ್ತೇನೆ. ಅಂಥವು ನೂರಾರು ಬಂದಿವೆ. ಇದೊಂದು ಯಾಕೋ ಉಳಿದಿದೆ.

ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯ ಹೆಂಗಸಿಗೆ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ತಿಂಗಳಲ್ಲಿ ಹೆಚ್ಚು ದಿನ ರಕ್ತ ಹೋಗುತ್ತಿತ್ತು. ಸರ್ಕಾರಿ ಆಸ್ಪತ್ರೆಯವರು ಶಿವಮೊಗ್ಗಕ್ಕೆ ಬರೆದುಕೊಟ್ಟಿದ್ದರು, ಆದರೆ ಅಲ್ಲಿಗೆ ಹೋಗಿ ಸರದಿ ಕಾಯುವಷ್ಟು ರಕ್ತ ಅವಳ ಮೈಯಲ್ಲಿ ಇರಲಿಲ್ಲ. ಕಡೂರಿನಲ್ಲಿ ನಮ್ಮ ಯೋಜನೆಗೆ ಸೇರಿದ್ದ ಆಸ್ಪತ್ರೆಯ ಡಾಕ್ಟರಮ್ಮ, ಗರ್ಭಕೋಶ ಬೇಗ ತೆಗೆಯಬೇಕು, ಒಪ್ಪಿಗೆ ಕೊಡಿ ಎಂದು ಕೇಳಿ ಕಳಿಸಿದರು. ಕಂಪ್ಯೂಟರಿಗೆ ಹಾಕಿದರೆ ಅದು ಒಪ್ಪಲಿಲ್ಲ. ಈ ಸದಸ್ಯೆಯ ಗರ್ಭಕೋಶವನ್ನು ಕೆಲವು ವರ್ಷಗಳ ಹಿಂದೆಯೇ ತರೀಕೆರೆಯಲ್ಲಿ ತೆಗೆದಾಗಿದೆ ಎಂದು ತೋರಿಸಿತು.

ನನ್ನ ಪಕ್ಕದ ಮೇಜಿನಲ್ಲಿ ನನ್ನಷ್ಟೇ ವಯಸ್ಸಿನ ಗುಮಾಸ್ತೆಯೊಬ್ಬಳಿದ್ದಳು. ಕನ್ನಡಕ ಏರಿಸಿ ನೋಡಿದಳು.

‘ದೇವ್ರು ಕೆಲವ್ರಿಗೆ ಎರಡೆರಡು ಕೊಟ್ಟಿರ್ತಾನೆ ಕಣ್ರೀ’ ಅಂದಳು.

ನಾನು ನಗಲಿಲ್ಲ. ಏನಾಗಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಗಂಡ ಹೆಂಡತಿಯನ್ನು ಆಫೀಸಿಗೆ ಕರೆಸಿದೆ. ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಗಂಡ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ.

‘ನಿಮ್ಗೆ ಹಿಂದೇನೇ ಗರ್ಭಕೋಶ ತೆಗ್ಸಿದಾರೆ ಅಂತ ಬರ್ತಾ ಇದೆಯಲ್ಲಮ್ಮ’ ಅಂದೆ.

‘ನಂಗಲ್ಲ ಕಣಮ್ಮ, ಅದು ನಮ್ ವಾರಗಿತ್ತಿಗೆ’ ಅಂದಳು ಅವಳು. ಎಷ್ಟು ಸಲೀಸಾಗಿ ಅಂದಳೆಂದರೆ, ಪಕ್ಕದ ಮನೆಗೆ ಬಂದ ಕಾಗದ ತಪ್ಪಿ ನಮ್ಮ ಮನೆಗೆ ಬಂದಾಗ ಹೇಳುತ್ತೇವಲ್ಲ, ಹಾಗೆ.

‘ಕಾರ್ಡು ನಿಮ್ದು.’

‘ಹೂಂ, ನಂದೇ. ಪಾಲಾದಾಗ ನಮ್ ಮೈದುನನ ಮನೇಗೆ ಕಾರ್ಡು ಇರ್ಲಿಲ್ಲ. ಅವ್ಳಿಗೆ ಕೈಬದಲು ಕೊಟ್ಟಿದ್ದೆ. ಆಪ್ರೇಷನ್ ಆಗ್ತಿದ್ದಂಗೇ ವಾಪಸ್ ಕೊಟ್ಳು. ಒಂದು ಮಡಿಕೆ ಬಿದ್ದಿರ್ಲಿಲ್ಲ ಕಾರ್ಡು.’

‘ಏಯ್, ಬಾಯ್ ಮುಚ್ಚೇ’ ಅಂದ ಗಂಡ.

‘ಯಾಕ್ ಮುಚ್ಲಿ? ಕದ್ದು ಕೊಟ್ನಾ? ನಮ್ ಎತ್ತು ಅವ್ರ ಹೊಲಕ್ ಹೋಗಲ್ವಾ? ಅವ್ಳ ಸರ ಹಾಕ್ಕಂಡು ನಾನು ನನ್ ತಮ್ಮನ ಮದ್ವೇಲಿ ಓಡಾಡ್ಲಿಲ್ವಾ?’

ಆಗಿನ ಕಾರ್ಡುಗಳಲ್ಲಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ ಒಂದು ಸಣ್ಣ ಫೋಟೋ ಇರುತ್ತಿತ್ತು. ತಲೆ ಮೇಲೆ ಸೆರಗು ಹೊದ್ದ ಹೆಂಗಸರು ಯಾರು ಯಾರೋ ದೇವರೇ ಹೇಳಬೇಕು. ತರೀಕೆರೆಯಲ್ಲಿ ಯಾರಿಗೂ ಅನುಮಾನ ಬಂದಿಲ್ಲ. ನಮ್ಮ ಕಡೆ ಕೊಟ್ಟು ತೆಗೆದುಕೊಳ್ಳದ ವಸ್ತು ಯಾವುದಿದೆ? ಕುಂಟೆ, ಕೂರಿಗೆ, ಕೊಪ್ಪರಿಗೆ, ಒಡವೆ. ಕೇಳಿದಾಗ ಕೊಡದಿದ್ದರೆ ಸಂಬಂಧ ಕೆಡುತ್ತದೆ. ಕಾರ್ಡೂ ಅಂಥದ್ದೇ ಒಂದು ಸಾಮಾನು ಎಂದು ಅವರು ತಿಳಿದರು. ನಾನೇ ಮನೆಮನೆಗೆ ಹೋಗಿ ಬರೆಸಿಕೊಳ್ಳುವಾಗ ಎಷ್ಟು ಸಲ ಹೇಳಿದ್ದೇನೆ, ಇದನ್ನು ಯಾರಿಗೂ ಕೊಡಬೇಡಿ ಎಂದು. ತಲೆ ಆಡಿಸುತ್ತಿದ್ದರು. ಯಾರಿಗೂ ಅಂದರೆ ಹೊರಗಿನವರಿಗೆ. ವಾರಗಿತ್ತಿ ಹೊರಗಿನವಳಲ್ಲವಲ್ಲ.

‘ನೋಡಮ್ಮ, ಸರ ಆದ್ರೆ ವಾಪಸ್ ಬಂದ್ರೆ ಮುಗೀತು’ ಅಂದೆ. ‘ಇದು ಹಂಗಲ್ಲ. ಕಾರ್ಡು ವಾಪಸ್ ಬಂತು, ಅವ್ರ ಆಪರೇಷನ್ನು ನಿಮ್ ಹೆಸ್ರಲ್ಲೇ ಉಳ್ಕಂತು.’

ಅವಳು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು.

‘ಹಂಗಾದ್ರೆ ಈಗ ನಂದನ್ನ ಅವ್ಳ ಹೆಸ್ರಲ್ಲಿ ಬರ್ಕಳಿ. ಈಗ ಅವ್ರಿಗೂ ಕಾರ್ಡ್ ಐತಲ್ಲ. ಮುಯ್ಯಿ ತೀರಿದಂಗಾಯ್ತದೆ.’

ಗಂಡನ ಮುಖ ಅರಳಿತು. ‘ಅದೇ ಮಾಡ್ಬುಡಿ ಮೇಡಂ. ಯಾರಿಗ್ ಗೊತ್ತಾಯ್ತದೆ?’

ಗುಮಾಸ್ತೆ ನನ್ನ ಮುಖ ನೋಡಿದಳು. ಸುಳ್ಳು ಹೇಳುವುದಿಲ್ಲ, ಆ ಮಾತು ನನಗೂ ರುಚಿಸಿತು. ಒಬ್ಬಳ ಲೆಕ್ಕದಲ್ಲಿ ಇಲ್ಲದ ಗರ್ಭಕೋಶ ಇನ್ನೊಬ್ಬಳ ಲೆಕ್ಕದಲ್ಲಿ ಇತ್ತು, ಅದಲುಬದಲು ಮಾಡಿದರೆ ಎಲ್ಲರಿಗೂ ನೆಮ್ಮದಿ. ಆದರೆ ಪರದೆಯ ಮೇಲೆ ಆಗಲೇ ಇವಳ ಹೆಸರಿನ ಮುಂದೆ ವಾರಗಿತ್ತಿಯ ರಕ್ತದ ಗುಂಪು ಇತ್ತು, ಅವಳಿಗೆ ಒಗ್ಗದ ಇಂಜೆಕ್ಷನ್ನಿನ ಹೆಸರಿತ್ತು. ಆಸ್ಪತ್ರೆಯವರು ಮತ್ತೆ ಪರೀಕ್ಷೆ ಮಾಡಿಯೇ ರಕ್ತ ಹಾಕುತ್ತಾರೆ, ನಿಜ. ಆದರೂ ಒಬ್ಬಳ ಮೈಯನ್ನು ಇನ್ನೊಬ್ಬಳ ಹೆಸರಿನಲ್ಲಿ ಮೇಜಿನ ಮೇಲೆ ಮಲಗಿಸಲು ನನಗೆ ಧೈರ್ಯ ಬರಲಿಲ್ಲ.

‘ಆಗಲ್ಲಮ್ಮ’ ಅಂದೆ.

ಅವಳು ಮತ್ತೆ ಕೇಳಲಿಲ್ಲ. ಸೆರಗು ಹೊದ್ದುಕೊಂಡು ಗಂಡನ ಕೈ ಹಿಡಿದು ಎದ್ದಳು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮೇಲೆ ಒಂದು ಸಮಿತಿ ಇತ್ತು. ಅದರ ಅಧ್ಯಕ್ಷರು ನಿವೃತ್ತ ಸರ್ಜನ್, ಒಳ್ಳೆಯವರು. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಮೊದಲನೇ ಆಪರೇಷನ್ ಯಾರಿಗೆ ಆಯ್ತೋ ಅವರು ಬಂದು ನನಗೇ ಆಯ್ತು ಅಂತ ಹೇಳ್ಲಿ. ಆಗ ಇವರ ದಾಖಲೆ ಸರಿ ಮಾಡಿ ಒಪ್ಪಿಗೆ ಕೊಡಬಹುದು. ಇಲ್ಲದಿದ್ರೆ ನಾನೇನೂ ಮಾಡೋಕಾಗಲ್ಲ ಅಮ್ಮ’ ಅಂದರು. ಆಮೇಲೆ, ‘ಬಂದು ಹೇಳಿದರೆ ನಿಯಮ ಏನಾಗುತ್ತೆ ನಿಮಗೆ ಗೊತ್ತಲ್ಲ’ ಅಂದರು.

ಗೊತ್ತಿತ್ತು. ಕಾರ್ಡು ಕೊಟ್ಟವರ ಮನೆಗೂ ತೆಗೆದುಕೊಂಡವರ ಮನೆಗೂ ಮೂರು ವರ್ಷ ಯೋಜನೆ ನಿಲ್ಲುತ್ತದೆ. ಆ ನಿಯಮವನ್ನು ಕನ್ನಡದಲ್ಲಿ ಬರೆದವಳು ನಾನೇ. ಆಗ ಒಬ್ಬರ ಕಾರ್ಡಿನಲ್ಲಿ ಊರಿನ ಅರ್ಧ ಜನ ಆಪರೇಷನ್ ಮಾಡಿಸಿಕೊಂಡು ಹಣವೆಲ್ಲ ಕರಗಿ, ಕೊನೆಗೆ ನಿಜವಾಗಿ ವಂತಿಗೆ ಕಟ್ಟಿದವರಿಗೆ ಇಲ್ಲ ಎನ್ನಬೇಕಾಗಿ ಬಂದಿತ್ತು. ನಿಯಮ ಬೇಕಾಗಿತ್ತು. ಈಗಲೂ ಹಾಗೇ ಅನ್ನುತ್ತೇನೆ.

ವಾರಗಿತ್ತಿಯರಿಬ್ಬರೂ ಅಕ್ಕ ತಂಗಿ ಎಂದೇ ಕರೆದುಕೊಳ್ಳುತ್ತಿದ್ದರು; ಆ ತಂಗಿಯನ್ನು ನೋಡಲು ನಾನೇ ಹೋದೆ. ಅಜ್ಜಂಪುರಕ್ಕೆ ಬಸ್ಸು, ಅಲ್ಲಿಂದ ಆಟೋ. ಈರುಳ್ಳಿ ಕಿತ್ತ ಕಾಲ. ಊರಿಗೆ ಊರೇ ಈರುಳ್ಳಿ ನಾತ. ಅವಳು ಮನೆ ಮುಂದೆ ರಾಶಿಯ ನಡುವೆ ಕೂತು ಬಾಲ ಕೊಯ್ಯುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು. ನನ್ನನ್ನು ನೋಡಿ ಕುಡುಗೋಲು ಪಕ್ಕಕ್ಕಿಟ್ಟಳು.

‘ಬನ್ನಿ ಡೈರೆಕ್ಟ್ರಮ್ಮ. ಈರುಳ್ಳಿ ಮ್ಯಾಲೇ ಕೂರ್ತೀರೋ ಚಾಪೆ ಹಾಕ್ಲೋ?’

ಚಾಪೆಯ ಮೇಲೆ ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ನಾನೂ ನಾಲ್ಕು ಈರುಳ್ಳಿ ಕೈಗೆ ತೆಗೆದುಕೊಂಡೆ.

‘ಅಕ್ಕ ಎಲ್ಲಾ ಒದರ್ಬುಟ್ಳಂತೆ. ಅವ್ಳ ಬಾಯಲ್ಲಿ ಒಂದ್ ಕಡ್ಲೆಕಾಯೂ ನಿಲ್ಲಲ್ಲ’ ಅಂದಳು.

‘ಅವ್ರು ಹೇಳ್ದಿದ್ರೂ ಗೊತ್ತಾಗ್ತಿತ್ತಮ್ಮ.’

‘ಸರಿ ಬಿಡಿ. ನಾನ್ ಬಂದು ಹೌದು ಅಂದ್ರೆ ಏನಾಗುತ್ತೆ?’

‘ಅಕ್ಕನ ಆಪರೇಷನ್ ಆಗುತ್ತೆ.’

‘ಅದಲ್ಲ ಕೇಳಿದ್ದು. ನಮ್ಗೇನಾಗುತ್ತೆ?’

ಹೇಳಿದೆ. ಅವಳು ಮನೆಯ ಒಳಗೆ ಒಂದು ಸಲ ನೋಡಿದಳು. ನಡುಮನೆಯಲ್ಲಿ ಅವಳ ಗಂಡ ಗೋಡೆಗೆ ಒರಗಿ ಕೂತು ಟಿವಿ ನೋಡುತ್ತಿದ್ದರು. ದನಿ ತಗ್ಗಿಸಿ, ‘ನಮ್ಮನೇರ ಎದೇಲಿ ನಳ ಕಟ್ಟಿತ್ತು ಅಂತ ಒಂದು ಸ್ಪ್ರಿಂಗ್ ಹಾಕವ್ರೆ. ಅದನ್ನ ಹಾಕ್ಸಿದ್ದು ನಿಮ್ ಕಾರ್ಡಲ್ಲೇ. ಇನ್ನೊಂದು ಕಡೆನೂ ಕಟ್ಟಬೋದು ಅಂತ ಹೇಳವ್ರೆ’ ಅಂದಳು.

ಆ ಒಪ್ಪಿಗೆಗೆ ಸಹಿ ಹಾಕಿದವಳೂ ನಾನೇ ಇರಬೇಕು. ನೆನಪಿರಲಿಲ್ಲ. ಅಷ್ಟು ಜನರಿಗೆ ಹಾಕಿದ್ದೇನೆ.

‘ನೀವೇ ಹೇಳಿ ಮತ್ತೆ. ನಾನ್ ಬರ್ಲಾ, ಬ್ಯಾಡ್ವಾ?’

ಮಕ್ಕಳೇ, ಡೈರೆಕ್ಟರ್ ಕುರ್ಚಿಯಲ್ಲಿ ಕೂತವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಬೇಕು ಎಂದು ಜನ ತಿಳಿಯುತ್ತಾರೆ. ನಾನು ಈರುಳ್ಳಿ ಸಿಪ್ಪೆ ಕೀಳುತ್ತಾ ಕೂತೆ. ಕೊನೆಗೆ ಅವಳಿಗೇ ಕನಿಕರ ಬಂತೇನೋ, ‘ಟೀ ಮಾಡ್ತೀನಿ ಇರಿ, ಮಕ ಒಣಗ್ಹೋಗೈತೆ ನಿಮ್ದು’ ಅಂದು ಎದ್ದಳು. ಟೀ ಕುಡಿದು ಎದ್ದು ಬಂದೆ. ಹಿಂತಿರುಗುವ ಬಸ್ಸಿನಲ್ಲಿ ಕೈಯೆಲ್ಲ ಈರುಳ್ಳಿ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೊಯ್ಲಿಗೆ ಹೋಗಿದ್ರಾ ಎಂದು ಕೇಳಿದಳು. ಹೂಂ ಅಂದೆ. ಅಲ್ಲ ಎಂದು ವಿವರಿಸುವುದಕ್ಕಿಂತ ಅದೇ ಸುಲಭವಾಗಿತ್ತು.

ಅದೇ ವಾರದಲ್ಲಿ ಅಕ್ಕ ದನಕ್ಕೆ ನೀರು ಇಡಲು ಹೋಗಿ ಕೊಟ್ಟಿಗೆಯಲ್ಲಿ ಬಿದ್ದಳು. ಗಂಡಸರು ಈರುಳ್ಳಿ ಮಂಡಿಗೆ ಹೋಗಿದ್ದರು. ತಂಗಿಯೇ ಅವಳನ್ನು ಎತ್ತಿ ಈರುಳ್ಳಿ ಸಾಗಿಸುವ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗೆ ತಂದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ಕಡೂರಿಗೆ. ಅಕ್ಕನನ್ನು ಆಸ್ಪತ್ರೆಯಲ್ಲಿ ಬಿಟ್ಟು ನೇರವಾಗಿ ನಮ್ಮ ಆಫೀಸಿಗೆ ಬಂದಳು. ಸೆರಗಿಗೆ ಸಗಣಿ, ಮಣ್ಣು. ಬಾಗಿಲಲ್ಲೇ ನಿಂತು, ‘ಎಲ್ಲಿ ಹೇಳ್ಬೇಕು, ಯಾರ್ ಹತ್ರ ಹೇಳ್ಬೇಕು, ತೋರ್ಸಿ’ ಅಂದಳು.

‘ಕೂತ್ಕೊಳಮ್ಮ, ನೀರು ಕುಡಿ.’

‘ಕೂತ್ರೆ ಮನ್ಸು ಬದ್ಲಾಗುತ್ತೆ. ತೋರ್ಸಿ.’

ಅಧ್ಯಕ್ಷರನ್ನೂ ಇಬ್ಬರು ಸದಸ್ಯರನ್ನೂ ಅಂದು ಮಧ್ಯಾಹ್ನವೇ ಕರೆಸಿದೆ. ಆ ಕೋಣೆಯಲ್ಲಿ ನಾವಿಬ್ಬರೇ ಹೆಂಗಸರು. ಮೀಟಿಂಗುಗಳಲ್ಲಿ ನಾನು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಅಧ್ಯಕ್ಷರ ಮುಂದೆ ಸರಿಸುವವಳು. ಅವರೂ ಅದಕ್ಕೆ ಹೊಂದಿಕೊಂಡಿದ್ದರು. ಅಂದು ಚೀಟಿ ಬರೆಯಲು ಹೊತ್ತಿರಲಿಲ್ಲ. ತಂಗಿ ತನಗೆ ಯಾವಾಗ, ಎಲ್ಲಿ, ಏಕೆ ಆಪರೇಷನ್ ಆಯಿತು ಎಂದು ಗಂಡಸರ ಮುಂದೆ ತಲೆ ತಗ್ಗಿಸದೆ ಹೇಳಿದಳು. ಅವಳು ಹೊರಗೆ ಹೋದ ಮೇಲೆ ನಾನು ಟೀ ಲೋಟವನ್ನು ನೋಡುತ್ತಾ ಮಾತಾಡಿದೆ. ಇವರು ದುಡ್ಡಿನಾಸೆಗೆ ಮಾಡಿದ್ದಲ್ಲ, ತಾನಾಗಿ ಬಂದು ಹೇಳಿದ್ದಾಳೆ, ಇವಳ ಗಂಡನಿಗೆ ಹೃದಯದ ತೊಂದರೆ ಇದೆ, ಆತನ ಹೆಸರನ್ನಾದರೂ ಈ ಶಿಕ್ಷೆಯಿಂದ ಬಿಟ್ಟುಬಿಡೋಣ ಅಂದೆ. ನನ್ನ ದನಿ ನನಗೇ ಯಾರದೋ ಎನಿಸುತ್ತಿತ್ತು.

ಒಬ್ಬ ಸದಸ್ಯರು ಮೆತ್ತಗೆ, ‘ಒಬ್ಬರಿಗೆ ಬಿಟ್ರೆ ಊರಿಗೆಲ್ಲ ಬಿಡಬೇಕಾಗುತ್ತೆ ಅಂತ ನೀವೇ ಹೇಳ್ತಿದ್ರಲ್ಲಮ್ಮ’ ಅಂದರು.

ಹೇಳುತ್ತಿದ್ದೆ. ಚೀಟಿಯಲ್ಲಿ ಬರೆದೂ ಕೊಟ್ಟಿದ್ದೆ.

ಅಕ್ಕನ ಆಪರೇಷನ್ನಿಗೆ ಒಪ್ಪಿಗೆ ಸಿಕ್ಕಿತು. ಅದು ಮುಗಿದ ಮೇಲೆ ಎರಡೂ ಮನೆಯ ಕಾರ್ಡು ನಿಲ್ಲಬೇಕು. ತಾವಾಗಿ ಹೇಳಿದ್ದರಿಂದ ಮೂರು ವರ್ಷದ ಬದಲು ಎರಡು. ಅಧ್ಯಕ್ಷರು ಕೊಡೆ ತೆಗೆದುಕೊಂಡು ಹೊರಟರು.

ಆಪರೇಷನ್ ಸುಸೂತ್ರವಾಗಿ ಆಯಿತು. ಎರಡು ಬಾಟಲಿ ರಕ್ತ ಹಾಕಿದ್ದರು. ಒಪ್ಪಿಗೆ ಕೊಟ್ಟ ರೋಗಿಗಳನ್ನು ವಾರ್ಡಿನಲ್ಲಿ ಹೋಗಿ ನೋಡಿ ಬರುವುದೂ ನನ್ನ ಕೆಲಸ. ಹೋದಾಗ ಅಕ್ಕ ದಿಂಬಿಗೆ ಒರಗಿದ್ದಳು. ತುಟಿಗೆ ಬಣ್ಣ ಬಂದಿತ್ತು. ತಂಗಿ ಮಂಚದ ತುದಿಯಲ್ಲಿ ಕೂತು ಅವಳ ಜಡೆ ಬಿಡಿಸಿ ಸಿಕ್ಕು ತೆಗೆಯುತ್ತಿದ್ದಳು.

‘ನೋಡಿ ಡೈರೆಕ್ಟ್ರಮ್ಮ, ಇವ್ಳ ತಲೇಲಿ ಹೇನು ಐತೆ. ಇದಕ್ಕೂ ನಿಮ್ ಕಾರ್ಡಲ್ಲಿ ಔಸ್ದಿ ಕೊಡ್ತಾರಾ?’ ಅಂದಳು ತಂಗಿ.

‘ಸುಳ್ಳಿ. ಇವ್ಳ ತಲೇದೇ ನಂಗೆ ಬಂದಿರೋದು’ ಅಂದಳು ಅಕ್ಕ.

ನಾನು ಹೊಲಿಗೆ ನೋವು ಹೇಗಿದೆ, ಊಟ ಸೇರುತ್ತಾ ಎಂದೆಲ್ಲ ಕೇಳಿದೆ. ಹೊರಡುವ ಹೊತ್ತಿಗೆ ತಂಗಿ ಬಾಚಣಿಗೆ ನಿಲ್ಲಿಸಿದಳು.

‘ಅಮ್ಮಾ, ಒಂದ್ ಮಾತು. ಈ ಎರಡ್ ವರ್ಷದಲ್ಲಿ ನಮ್ಮನೇರಿಗೆ ಏನಾರ ಆದ್ರೆ?’

ಸರ್ಕಾರದ ಯೋಜನೆ ಇದೆ, ದೊಡ್ಡ ಊರಿನ ಆಸ್ಪತ್ರೆಗೆ ಹೋಗಬಹುದು, ನಾನೇ ಹೇಳಿಕೊಡುತ್ತೇನೆ. ಹೇಳಬೇಕಾದ ಉತ್ತರಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಎದೆ ಹಿಡಿದುಕೊಂಡ ಮನುಷ್ಯನನ್ನು ಆ ಹಳ್ಳಿಯಿಂದ ಅಷ್ಟು ದೂರ ಸಾಗಿಸುವುದೆಂದರೆ ಏನು ಎನ್ನುವುದೂ ಗೊತ್ತಿತ್ತು.

‘ಏನೂ ಆಗ್ದಂಗೆ ನೋಡ್ಕೊಳಮ್ಮ’ ಅಂದುಬಿಟ್ಟೆ.

ಅವಳು ಬಾಚಣಿಗೆಯನ್ನು ಮತ್ತೆ ಅಕ್ಕನ ಕೂದಲಿಗೆ ಹಾಕಿದಳು.

‘ಆಯ್ತು, ಹಂಗೇ ಹೇಳ್ತೀನಿ ಅವ್ರಿಗೆ. ಡೈರೆಕ್ಟ್ರಮ್ಮ ಆಡ್ರ್ ಮಾಡವ್ರೆ, ಎರಡ್ ವರ್ಷ ಎದೆನೋವು ಬರಂಗಿಲ್ಲ ಅಂತ.’

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಒತ್ತಿ ಹಿಡಿದುಕೊಂಡು, ‘ನಗಿಸ್ಬ್ಯಾಡ ಕಣೇ, ಹೊಲಿಗೆ ಬಿಟ್ಕಂತದೆ’ ಅಂದಳು. ಪಕ್ಕದ ಮಂಚದವರೂ ನಕ್ಕರು. ನಾನೂ ನಕ್ಕಂತೆ ಮಾಡಿ ಹೊರಗೆ ಬಂದು, ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ. ತರೀಕೆರೆಗೆ ಹೋಗಬೇಕಿತ್ತು, ಅಮೃತಾಪುರದ ಕಡೆಯ ಇಬ್ಬರ ಅರ್ಜಿ ಅಲ್ಲಿ ಕಾಯುತ್ತಿತ್ತು. ಬಸ್ಸು ಬಂದು ಹೋಯಿತು. ಏಳಲು ಮನಸ್ಸಾಗಲಿಲ್ಲ. ಮುಂದಿನ ಬಸ್ಸಿಗೆ ಹೋದೆ.

ದೊಡ್ಡವಳೇ, ಕೋರ್ಸಿಗೆ ಸೇರಬೇಡ ಎಂದು ನಾನು ಇದನ್ನು ಬರೆಯುತ್ತಿಲ್ಲ. ಯಾರಾದರೂ ಆ ಕುರ್ಚಿಯಲ್ಲಿ ಕೂರಲೇಬೇಕು. ಯಾರೂ ಕೂರದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಕಂಡಿದ್ದೇನೆ. ನಿನಗೆ ಇಂಗ್ಲಿಷ್ ಬರುತ್ತದೆ, ಎದ್ದು ನಿಂತು ಮಾತಾಡಲು ಬರುತ್ತದೆ. ನನಗಿಂತ ಚೆನ್ನಾಗಿ ಮಾಡುತ್ತೀಯ. ಆದರೆ ಸುಸ್ತಾಗುತ್ತದೆ ಮಗ. ರಾಗಿ ಬೀಸಿದಾಗ ಆಗುವ ಸುಸ್ತಿನಂಥದ್ದಲ್ಲ ಅದು, ಮಲಗಿ ಎದ್ದರೂ ಹೋಗುವುದಿಲ್ಲ.

ತಂಗಿಯ ಗಂಡನಿಗೆ ಏನೂ ಆಗಲಿಲ್ಲ. ಈಗಲೂ ಇದ್ದಾರೆ, ಈರುಳ್ಳಿ ಲೋಡಿನ ಜೊತೆ ಮಂಡಿಗೂ ಹೋಗುತ್ತಾರಂತೆ. ಅದರಲ್ಲಿ ನನ್ನದೇನೂ ಇಲ್ಲ. ಆದರೆ ಆ ಎರಡು ವರ್ಷ, ಅಜ್ಜಂಪುರದ ಕಡೆಯಿಂದ ಎದೆನೋವಿನ ಅರ್ಜಿ ಬಂದಾಗಲೆಲ್ಲ ನಾನು ಕಾಯಿಲೆಯ ವಿವರ ಓದುವ ಮೊದಲು ಊರಿನ ಹೆಸರು ನೋಡುತ್ತಿದ್ದೆ. ಅವರದು ಬರುವ ಹಾಗೇ ಇರಲಿಲ್ಲ, ಕಾರ್ಡೇ ಇರಲಿಲ್ಲವಲ್ಲ. ಆದರೂ ನೋಡುತ್ತಿದ್ದೆ.